ಗಾಲಿ ಮನೆಯ ನಳ

ಸುವರ್ಣಾ,

ಕ್ಯಾಂಪರ್ ಗಾಡಿಯ ನಳ ಮಾತ್ರ ತಿರುಗಿಸಬೇಡ. ನಿನ್ನೆ ತಂದ ಗಾಡಿ ಇಂದು ಕೃಷ್ಣಾ ನದಿಯಾಗಿದೆ, ಹಾಸಿಗೆಯಲ್ಲೇ ಮೀನು ಹಿಡಿಯಬಹುದು. ನಳದ ನಿಂಗರಾಜ ಫೋನಿನಲ್ಲಿ, "ಅಣ್ಣಾ, ನಾ ನಿಂತ ಮನಿ ನಳ ಮಾಡ್ತೇನಿ, ಓಡೋ ಮನೀದಲ್ಲ" ಎಂದು ಕೈ ಎತ್ತಿಬಿಟ್ಟ. ಪೈಪು ಹುಡುಕಿ ಬಾಗಲಕೋಟೆಗೆ ಹೊರಟಿದ್ದೇನೆ. ಸಿಗುವ ಭರವಸೆ ಇಲ್ಲ.

"ಅತ್ತಿ, ನಾಳೆ ತುಳಸಿಗೇರಿ ಜಾತ್ರಿಯೊಳಗ ನಮ್ಮ ಗಾಡ್ಯಾಗ ಬಿಸಿನೀರಿನ ಜಳಕಾ ಮಾಡ್ರಿ" ಎಂದು ಇಡೀ ಇಳಕಲ್ಲಿಗೆ ಕೇಳುವಂತೆ ಕೊಚ್ಚಿಕೊಂಡಿದ್ದೆ. ಈಗ ನಿಮ್ಮವ್ವಗೆ ನೀನೇ ಹೇಳು. ನನ್ನ ಬಾಯಿ ಬಿದ್ದುಹೋಗಿದೆ.

ಗಾಡಿಯ ಪೈಪಿನ ಸಾವಿರ ಜೋಡಣೆಗಳಲ್ಲಿ ಸೋರದೆ ನಿಂತದ್ದು ಒಂದೇ. ಅದಕ್ಕೆ ನಾನು, ಸೀರೆಗೆ ಸೆರಗು ಕೂಡಿಸುವ ಹಾಗೆ, ರೇಷ್ಮೆ ನೂಲಿನ ಕೊಂಡಿ ಹಾಕಿ ಬಿಗಿದಿದ್ದೇನೆ.

ನಿಮ್ಮವ್ವನ ಸೀರೆಯ ಸೆರಗಿಗೆಂದು ನೀನು ಎತ್ತಿಟ್ಟ ಕೆಂಪು ನೂಲನ್ನು ಮಗ್ಗದ ಬಳಿ ಹುಡುಕಬೇಡ.