ಕುರಿದೊಡ್ಡಿಯ ಮಣ್ಣು

ಅಕ್ಟೋಬರ್ ೧೪, ಮಂಗಳವಾರ

ವಿಕಿರಣ ಅಳೆಯುವ ಆ ಯಂತ್ರದ ಕಿರುಚಾಟ ಇನ್ನೂ ಕಿವಿಯಲ್ಲಿದೆ. ಇಷ್ಟು ದಿನ ಅಮೆರಿಕದ ಈ ನಮ್ಮ ನವಾಹೊ ಬುಡಕಟ್ಟಿನ ನೆಲದಲ್ಲಿ ಬೇರೆಯವರ ಅಂಗಳಗಳಲ್ಲಿ ಯುರೇನಿಯಂ ಅಳೆದು ಕೆಂಪು ಬಾವುಟ ನೆಟ್ಟು ಬರುತ್ತಿದ್ದೆ. ಇವತ್ತು ನಮ್ಮ ಮನೆಯ ಸರದಿ. ಪಾಳುಬಿದ್ದ ಯುರೇನಿಯಂ ಗಣಿಯಿಂದ ಅಜ್ಜ ಕಲ್ಲು ಹೊತ್ತು ತಂದು ಕಟ್ಟಿದ ಕುರಿದೊಡ್ಡಿಯ ಬಾಗಿಲಲ್ಲೇ ಯಂತ್ರ ಎಲ್ಲಕ್ಕಿಂತ ಜೋರಾಗಿ ಕೂಗಿತು. ಅಲ್ಲಿ ಒಂದಡಿ ಮಣ್ಣು ತೆಗೆಯಬೇಕು. ಬಾವುಟ ನೆಟ್ಟೆ.

ಅಮ್ಮ ಅದನ್ನು ಕಿತ್ತು ನನ್ನ ಕೈಗೇ ಕೊಟ್ಟಳು. "ನಿಮ್ಮಿಬ್ರ ಹೊಕ್ಕುಳಬಳ್ಳಿ ಇಲ್ಲೇ ಹೂತಿದೀನಿ. ಎಲ್ಲೇ ಹೋದ್ರೂ ಮಕ್ಕಳು ಮನೆಗೆ ಬರ್ಲಿ ಅಂತ."

"ಈ ಮಣ್ಣೇ, ಅಮ್ಮ, ಅಣ್ಣನ್ನ ತಿಂದಿದ್ದು."

ಸತ್ತವರ ಮಾತು ನಾವು ಎತ್ತುವುದಿಲ್ಲ. ನಾನು ಎತ್ತಿಬಿಟ್ಟೆ. ಅಮ್ಮ ಕುರಿಗಳನ್ನು ದೊಡ್ಡಿಯಿಂದ ಹೊರಗಟ್ಟಿದಳು. ಆಮೇಲೆ, "ತೆಗೀರಿ ಹಾಗಾದ್ರೆ. ಎಲ್ಲಿಗೆ ತಗೊಂಡ್ಹೋಗ್ತೀರ?" ಎಂದಳು.

ಮೇಲ್ವಿಚಾರಕ ಹಾರ್ಲನ್‌ನನ್ನು ಕೇಳಿದೆ. ನಮ್ಮವನೇ, ಆದರೂ ಮುಖ ತಿರುಗಿಸಿದ. "ಇನ್ನೂ ತೀರ್ಮಾನ ಆಗಿಲ್ಲ ಕಣೇ. ಲಾರಿ ಮಾತ್ರ ನಾಳೆ ಬೆಳಿಗ್ಗೆ ಎಂಟಕ್ಕೆ ಬರತ್ತೆ."

ಅಮ್ಮನಿಗೆ ಅದನ್ನೇ ಹೇಳಿದೆ. ಕುರಿಸಾರು ಬಡಿಸುತ್ತಾ ಅಂದಳು: "ತೀರ್ಮಾನ ಆದ್ಮೇಲೆ ಆ ಊರಿನ ಹೆಸರು ಬರ್ಕೊಂಡು ಬಾ. ಹೊಕ್ಕುಳಬಳ್ಳಿ ಅಲ್ಲಿದ್ರೆ ಇನ್ಮೇಲೆ ನೀವಿಬ್ರೂ ಅಲ್ಲಿಗೇ ತಾನೇ ಹೋಗೋದು? ನಾನೂ ಅಲ್ಲೇ ಹೋಗಿ ಕಾಯ್ತೀನಿ."

ಬಾವುಟ ನನ್ನ ಜೇಬಿನಲ್ಲೇ ಇದೆ. ಎಂಟಕ್ಕೆ ಮುಂಚೆ ಅದನ್ನು ಮತ್ತೆ ನೆಡಬೇಕು.