ಹಿತ್ತಿಲ ಬಾಳೆಬುಡ

ಮುಶಿಶಿರೊ, ರುವಾಂಡ
14 ಆಗಸ್ಟ್ 2006

ಮಕ್ಕಳ ಅಪ್ಪನಿಗೆ,

ನಮಸ್ಕಾರ. ಇದೂ ನಿನಗೆ ಹೆಚ್ಚೇ, ಆದರೆ ಇಪ್ಪತ್ತು ವರ್ಷದ ರೂಢಿ. ಇನ್ನು ಮೇಲೆ ಜೈಲಿಗೆ ಬುತ್ತಿ ತರುವುದಿಲ್ಲ. ಯಾಕೆಂದು ಓದು.

ಕಳೆದ ಗುರುವಾರ ಗಚಾಚಾದಲ್ಲಿ, ಊರೆಲ್ಲ ಹುಲ್ಲಿನ ಮೇಲೆ ಕೂತು ತೊಂಬತ್ತನಾಲ್ಕರ ಕೊಲೆಗಳ ನ್ಯಾಯ ಕೇಳುತ್ತಿದ್ದಾಗ, ನೀನು ಗುಲಾಬಿ ಬಣ್ಣದ ಕೈದಿ ಬಟ್ಟೆಯಲ್ಲಿ ನಿಂತು ತಪ್ಪೊಪ್ಪಿಕೊಂಡೆ. ಒಪ್ಪಿಕೊಂಡರೆ ಅರ್ಧ ಶಿಕ್ಷೆ ಮಾಫಿ, ಅದು ನಿನಗೆ ಚೆನ್ನಾಗಿ ಗೊತ್ತು. ಪಕ್ಕದ ಮನೆ ಸ್ಪೆಸಿಯೋಜಾಳ ಗಂಡನನ್ನು ಕೊಂದಿದ್ದು ‘ನಾನೇ’ ಎಂದೆ ನೀನು. ಅವಳ ಒಂಬತ್ತು ವರ್ಷದ ಮಗಳು ಅಲಿನಾಳ ಸಾವನ್ನು ಮಾತ್ರ ಕಾಂಗೋದಲ್ಲಿ ಸತ್ತುಹೋದ ನಿನ್ನ ಜೊತೆಗಾರ ಫೆನೆಯಾಸನ ತಲೆಗೆ ಕಟ್ಟಿದೆ.

"ಪೊದೇಲಿ ಸಿಕ್ಳು. ಅವ್ನೇ ಹೊಡ್ದ, ಅವ್ನೇ ಹೊಳೆಗೆ ಎಸ್ದ. ದೇವ್ರಾಣೆ ನಾನು ಮುಟ್ಲಿಲ್ಲ" ಎಂದು ಕಣ್ಣೊರೆಸಿಕೊಂಡೆ ನೀನು. ಈ ಊರಿನ ಕೊಲೆಗಳನ್ನೆಲ್ಲ ಸತ್ತವರೇ ಮಾಡಿದ್ದು ನೋಡು! ನಾನೂ ಬಾಯಿ ಮುಚ್ಚಿಕೊಂಡು ಕೂತಿದ್ದೆ.

ನಿನ್ನೆ ಸ್ಪೆಸಿಯೋಜಾ ನಮ್ಮ ಮನೆಗೆ ಬಂದಳು, ಹನ್ನೆರಡು ವರ್ಷದಲ್ಲಿ ಮೊದಲ ಸಲ. "ನಿನ್ನ ಗಂಡನ ಶಿಕ್ಷೆ ಕಟ್ಕೊಂಡು ನನಗೇನಾಗ್ಬೇಕು? ಹೊಳೆಯ ಯಾವ ದಡ ಅಂತಾದ್ರೂ ಹೇಳೇ, ಅಲ್ಲೊಂದು ಶಿಲುಬೆ ನೆಡ್ತೀನಿ" ಎಂದಳು. ಬಂದವರಿಗೆ ಬಾಳೆಹಣ್ಣಿನ ಬಿಯರ್ ಕೊಡದೆ ಇರಲಾದೀತೆ? ಮನೆಯಲ್ಲಿದ್ದದ್ದು ಒಂದೇ ಗಡಿಗೆ, ಹಿತ್ತಿಲ ಗೊನೆಯದು. ಅವತ್ತು ಹುಡುಗಿಯನ್ನು ಹೂತು ಮೇಲೆ ಬಾಳೆಕಂದು ನೆಟ್ಟೆಯಲ್ಲ, ಅದರದ್ದು. ಇಷ್ಟು ವರ್ಷ ಸಂತೆಗೆ ಹಾಕಿದ್ದೇನೆಯೇ ಹೊರತು ಒಂದು ತೊಟ್ಟೂ ಕುಡಿದವಳಲ್ಲ.

ಕೊಡುವವರು ಮೊದಲು ಒಂದು ಗುಟುಕು ಹೀರಿ, ವಿಷವಿಲ್ಲ ಎಂದು ತೋರಿಸಬೇಕು. ಬಿಯರ್ ಹೀರುವ ಕೊಳವೆಯನ್ನು ತುಟಿಗೆ ತಂದೆ. ಹೀರದೆಯೇ ಅವಳ ಮುಂದಿಟ್ಟೆ.

"ವಿಷ ಹಾಕಿದ್ದೀಯೇನೇ?"

"ಇಲ್ಲ ಕಣಕ್ಕಾ."

"ಹಂಗಾದ್ರೆ ಕುಡಿ ನೋಡೋಣ."

ನಾನು ಕುಡಿಯಲಿಲ್ಲ. "ಗಂಡ ಬಿಟ್ಟ ಕೆಲ್ಸ ಹೆಂಡ್ತಿ ಮುಗಿಸ್ತಿದ್ದಾಳೆ" ಎಂದು ಎದ್ದು ಹೊರಟಳು. ಬಾಗಿಲು ದಾಟುವಾಗ ನನ್ನ ಬಾಯಿಂದ ಬಂದೇಬಿಟ್ಟಿತು: "ಹೊಳೇಲಿಲ್ಲ ಅಕ್ಕಾ. ನಮ್ಮ ಹಿತ್ತಿಲ ಬಾಳೆಬುಡದಲ್ಲೇ ಇದ್ದಾಳೆ."

ಅವಳು ಅಳಲಿಲ್ಲ, ಗುದ್ದಲಿ ಕೇಳಿದಳು. ಇಬ್ಬರೂ ಅಗೆದೆವು. ಸಣ್ಣ ಸಣ್ಣ ಮೂಳೆ, ಹಲ್ಲು, ಸ್ವೆಟರಿನ ನೀಲಿ ಗುಂಡಿ. ಎಲ್ಲವನ್ನೂ ತನ್ನ ಮೇಲುಬಟ್ಟೆಯಲ್ಲಿ ಕಟ್ಟಿಕೊಂಡು ಹೋದಳು. ಗಡಿಗೆಯನ್ನು ನಾನು ಅಗೆದ ಆ ಹೊಂಡಕ್ಕೇ ಸುರಿದೆ.

ಅವತ್ತು ನೀನು ಕೈ ತೊಳೆದು ಊಟಕ್ಕೆ ಕೂತಿದ್ದೆ, ನಾನು ಬೀನ್ಸ್ ಕಾಳು ಬಡಿಸಿದ್ದೆ. ಇನ್ನೊಂದು ಸೌಟು ಹಾಕು ಎಂದಿದ್ದೆ ನೀನು. ನೆನೆದರೆ ಅಸಹ್ಯವಾಗುತ್ತದೆ. ಬರುವ ಗುರುವಾರ ಸಾಕ್ಷಿ ಹೇಳುತ್ತೇನೆ. ನಿನ್ನ ಮಾಫಿ ಹೋದರೆ ಹೋಗಲಿ.

ಇಂತಿ,
ವೆರೆದಿಯಾನಾ

ಮರೆತ ಮಾತು: ಅಲಿನಾ ಪೊದೆಯಲ್ಲಿ ಸಿಕ್ಕಳೆಂದು ಯಾಕೆ ಹೇಳಿದೆ? ನನ್ನನ್ನು ನಂಬಿ ನಮ್ಮ ಮಂಚದ ಕೆಳಗೆ ಅಡಗಿದ್ದಳು. "ಇಲ್ಲಿದ್ದಾಳೆ ಬಾ" ಎಂದು ನಿನ್ನನ್ನು ಕೂಗಿ ಕರೆದವಳು ನಾನು. ನನ್ನನ್ನು ಉಳಿಸಲು ನೀನು ಹೇಳಿದ ಆ ಸುಳ್ಳೂ ನನಗೆ ಹೇಸಿಗೆ. ಗುರುವಾರ ಅದನ್ನೂ ಹೇಳುತ್ತೇನೆ. ಮಕ್ಕಳನ್ನು ನಿನ್ನ ಅಕ್ಕನ ಮನೆಗೆ ಬಿಟ್ಟು ಬಂದಿದ್ದೇನೆ.