ಇಳಿಸು ಎಂದವನು ನಾನು

ಸೌಮ್ಯ ಮಗಳೇ,

ಬಸವೇಶ್ವರನಗರದ ಈ ಮನೆಯಲ್ಲಿ ಕೂತು ಮೂವತ್ತು ವರ್ಷಗಳಿಂದ ಪಾಲಿಕೆಗೆ, ಜಲಮಂಡಳಿಗೆ, ಪತ್ರಿಕೆಗಳಿಗೆ ಕಾಗದ ಬರೆಯುತ್ತಲೇ ಇದ್ದೇನೆ. ಹೋದ ತಿಂಗಳು ಹೆದ್ದಾರಿ ಕಚೇರಿಗೂ ಎರಡು ಬರೆದೆ. ಲಾರಿಗಳಿಗೆ ಶಿಸ್ತಿಲ್ಲ, ಕೇಳುವವರಿಲ್ಲ, ಅದರಿಂದಾಗಿಯೇ ನಮ್ಮ ಅಣ್ಣನ ಕಾರಿನ ಎಂಜಿನ್ ಹಾಳಾಯಿತು ಎಂದು. ಲಾರಿಯ ಮಾತು ನಿಜ. ಎಂಜಿನ್ನಿನ ಮಾತು ಸುಳ್ಳು. ಅದರ ನಿಜವನ್ನು ನಿನಗೊಬ್ಬಳಿಗೆ ಹೇಳಬೇಕಿತ್ತು. ಅದೊಂದು ಕಾಗದ ಮಾತ್ರ ಬರೆಯಲಾಗಿರಲಿಲ್ಲ.

ಅವತ್ತು ರಾಮನಗರದ ಮದುವೆಗೆ ತಡವಾದದ್ದು ನನ್ನಿಂದ. ಕೆಂಗೇರಿಯಲ್ಲಿ ಫುಟ್‌ಪಾತಿನ ಮೇಲೆ ಬೈಕ್ ನುಗ್ಗಿಸಿದವನನ್ನು ಕಂಡು ನಿನಗೆ ಕಾರು ನಿಲ್ಲಿಸಲು ಹೇಳಿ, ಇಳಿದು, ಇಪ್ಪತ್ತು ನಿಮಿಷ ಜಗಳವಾಡಿದೆ. "ಅಂಕಲ್, ಮನೇಲಿ ಯಾರೂ ನಿಮ್ಮನ್ನ ಮಾತಾಡ್ಸಲ್ವಾ?" ಎಂದು ನಕ್ಕು ಅವನು ಹೊರಟುಹೋದ. ಆ ಸಿಟ್ಟನ್ನು ಕಾರಿನೊಳಕ್ಕೆ ತಂದು ನಿನ್ನ ಮೇಲೆ ತೀರಿಸಿಕೊಂಡೆ. "ಅಕ್ಷತೆ ಹೊತ್ತು ಮೀರುತ್ತೆ, ಎತ್ತಿನ ಗಾಡಿ ಓಡಿಸ್ತಿದೀಯೇನಮ್ಮ?" ನೀನು ಐದನೇ ಗೇರಿಗೆ ಹಾಕಿದೆ. ಮುಳ್ಳು ತೊಂಬತ್ತು ದಾಟಿತು. ಎಡಕ್ಕಿದ್ದ ಲಾರಿ ಇಂಡಿಕೇಟರ್ ಹಾಕದೆ ನಮ್ಮ ಮುಂದಕ್ಕೆ ನುಗ್ಗಿತು. ನಾನು ಕಿರುಚಿದೆ: "ಇಳಿಸು! ಸೌಮ್ಯ, ಇಳಿಸು!"

ವೇಗ ಇಳಿಸು ಎಂದು ನನ್ನ ಅರ್ಥ. ನೀನು ಗೇರ್ ಇಳಿಸಿದೆ. ನಾಲ್ಕಕ್ಕೆ ಬೀಳಬೇಕಿದ್ದ ಕೈ ಗಾಬರಿಯಲ್ಲಿ ಎರಡಕ್ಕೆ ಬಿತ್ತು. ಕ್ಲಚ್ ಬಿಟ್ಟ ಕೂಡಲೇ ಎಂಜಿನ್ ಚೀರಿದ್ದು, ಒಳಗೇನೋ ಮುರಿದದ್ದು, ರಸ್ತೆಯುದ್ದಕ್ಕೂ ಎಣ್ಣೆ ಚೆಲ್ಲಿದ್ದು, ಯಾವುದನ್ನೂ ನಿನಗೆ ನೆನಪಿಸಬೇಕಾಗಿಲ್ಲ. ಗಾಡಿ ಅಂಚಿಗೆ ಬಂದು ನಿಂತ ಮೇಲೂ ನೀನು ಸ್ಟೇರಿಂಗ್ ಬಿಟ್ಟಿರಲಿಲ್ಲ.

ನಾಯಂಡಹಳ್ಳಿಯ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ವೆಂಕಟಗಿರಿ ಬಾನೆಟ್ ಎತ್ತಿ ನೋಡಿ ತಲೆಯಾಡಿಸಿದ. "ಒಳಗಿನ ಕನೆಕ್ಟಿಂಗ್ ರಾಡು ಎಂಜಿನ್ ಬ್ಲಾಕನ್ನೇ ಒಡ್ಕೊಂಡು ಆಚೆ ಬಂದ್ಬಿಟ್ಟಿದೆ ಸಾರ್. ಅಷ್ಟ್ ಸ್ಪೀಡಲ್ಲಿ ಸೆಕೆಂಡ್ ಗೇರ್ ಹಾಕಿದ್ಯಾರು?" ನಿನ್ನ ಗಂಡ ಗಿರಿರಾಜ್ ನಗುತ್ತಾ ಹೇಳಿದ: "ಅಪ್ಪನ ಕಾರು ಅಂತ ದಿನಾ ವಿಭೂತಿ ಹಚ್ತಾಳೆ ಕಣಣ್ಣ, ಗೇರ್ ಯಾವ್ದು ಅಂತ ಮಾತ್ರ ಗೊತ್ತಿಲ್ಲ." ಹುಡುಗರೆಲ್ಲ ನಕ್ಕರು. ನೀನು ನನ್ನ ಕಡೆ ನೋಡಿದೆ. ನಾನು ಗೋಡೆಯ ಕ್ಯಾಲೆಂಡರಿನಲ್ಲಿ ತಿಥಿ ನೋಡುತ್ತಾ ನಿಂತೆ.

ನನಗೆ ನೆನಪಿನ ಶಕ್ತಿ ಹೆಚ್ಚು ಎಂದು ನೀವೆಲ್ಲ ಹೇಳುತ್ತೀರಿ. ಹೌದು, ಅದೇ ನನ್ನನ್ನು ಹಿಂಸಿಸುತ್ತಿರುವುದು. ಹದಿನೇಳು ವರ್ಷದ ಹಿಂದೆ ನಿನ್ನ ಅಪ್ಪ, ಶಿವಬಸಪ್ಪಣ್ಣ, ಈ ಕಾರು ತಂದ ಹೊಸದರಲ್ಲಿ, ನಮ್ಮ ಬಡಾವಣೆಯ ಮೈದಾನದಲ್ಲಿ ಭಾನುವಾರ ಬೆಳಗ್ಗೆ ನಿನಗೆ ಓಡಿಸಲು ಕಲಿಸುತ್ತಿದ್ದ. ನಾನು ಹಿಂದಿನ ಸೀಟಿನಲ್ಲಿ ಪೇಪರ್ ಹಿಡಿದು ಕೂತಿರುತ್ತಿದ್ದೆ. ಅಣ್ಣನ ಪಾಠದಲ್ಲಿ ಇದ್ದದ್ದು ಎರಡೇ ಮಾತು. ಆಕ್ಸಿಲರೇಟರಿನಿಂದ ಕಾಲು ತೆಗೆಯಬೇಕಾದರೆ "ಬಿಡು". ಗೇರ್ ಕಡಿಮೆ ಮಾಡಬೇಕಾದರೆ "ಇಳಿಸು". "ಎರಡು ಸಾಕು ಕಣೇ, ಮೂರನೇದು ಹೇಳಿದ್ರೆ ನೀನೇ ಆಫ್ ಆಗೋಗ್ತೀಯ. ಯೋಚನೆ ಮಾಡ್ಬೇಡ, ಕಿವಿಗೆ ಬಿದ್ದ ತಕ್ಷಣ ಕೈ ಹೋಗ್ಬೇಕು" ಎನ್ನುತ್ತಿದ್ದ.

ಅವತ್ತು ನಿನ್ನ ಕೈ ಹೋಯಿತು. ಅಣ್ಣ ಲಿಂಗೈಕ್ಯನಾಗಿ ನಾಲ್ಕು ವರ್ಷವಾದರೂ ಅವನ ಮಾತು ನಿನ್ನ ಕೈಯಲ್ಲಿತ್ತು. ಆ ಮಾತನ್ನು ತಪ್ಪು ಹೊತ್ತಿನಲ್ಲಿ ಆಡಿದವನು ನಾನು. "ಬಿಡು" ಎಂದಿದ್ದರೆ ಸಾಕಿತ್ತು. ಬಾಯಿ ಮುಚ್ಚಿಕೊಂಡಿದ್ದರೂ ಸಾಕಿತ್ತು, ಬ್ರೇಕ್ ಹಾಕುವುದು ನಿನಗೆ ಗೊತ್ತಿರಲಿಲ್ಲವೆ?

ನಿನ್ನೆ ಒಬ್ಬನೇ ವೆಂಕಟಗಿರಿಯ ಹತ್ತಿರ ಹೋಗಿದ್ದೆ. ಬೇರೆ ಎಂಜಿನ್ ಕೂರಿಸೋಣ ಎಂದೆ, ಬೆಸುಗೆ ಹಾಕಿಸೋಣ ಎಂದೆ, ಕಾನೂನು ಕಟ್ಟಲೆ ಎಲ್ಲ ಮಾತಾಡಿದೆ. ಅವನು ತಾಳ್ಮೆಯಿಂದ ಕೇಳಿ, "ಸಾರ್, ನೀವು ಎಷ್ಟ್ ಓದಿದ್ರೂ ಒಡೆದಿರೋ ಬ್ಲಾಕ್ ಕೂಡ್ಕೊಳಲ್ಲ. ಈ ಗಾಡಿ ಎಂಜಿನ್ ಈಗ ಎಲ್ಲೂ ಸಿಗಲ್ಲ" ಎಂದ. ಗಿರಿರಾಜ್ ಆಗಲೇ ಗುಜರಿಗೆ ಒಪ್ಪಿಸಿದ್ದಾನಂತೆ, ಸೋಮವಾರ ಎಳೆದುಕೊಂಡು ಹೋಗುತ್ತಾರೆ. ಯಾರಿಗೆ ಅರ್ಜಿ ಬರೆಯಲಿ? ಕೊನೆಗೆ ಗೇರ್ ಕೋಲಿನ ತುದಿಯ ಗುಬುಟನ್ನು ಬಿಚ್ಚಿಕೊಡು ಎಂದು ಕೇಳಿದೆ. ಅದನ್ನು ಕೈಗಿಟ್ಟ. ಅಣ್ಣನ ಅಂಗೈ ಸವೆಸಿ ಸವೆಸಿ ಅದರ ಮೇಲೆ ಒಂದು ಅಂಕಿಯೂ ಉಳಿದಿಲ್ಲ. ಈ ಕಾಗದದ ಜೊತೆ ಕಳಿಸುತ್ತಿದ್ದೇನೆ.

ನೀನು ಈಗ ನಂದಿನಿ ಲೇಔಟಿನ ಶಾಲೆಗೆ ಎರಡು ಬಸ್ಸು ಬದಲಿಸಿ ಹೋಗುತ್ತೀಯೆಂದು ಅತ್ತಿಗೆ ಹೇಳಿದರು. ಗಿರಿರಾಜನ ಕಾರಿನ ಕೀ ಕೊಟ್ಟರೆ ಕೈ ಹಿಂದಕ್ಕೆಳೆದುಕೊಳ್ಳುತ್ತೀಯಂತೆ. ಕಾರನ್ನು ನಾನು ಉಳಿಸಲಾರೆ. ನಿನ್ನ ಕೈಯ ಭಯವನ್ನೂ ತೆಗೆಯಬಲ್ಲೆನೋ ಇಲ್ಲವೋ. ಅಪ್ಪನ ಕಾರನ್ನು ನೀನು ಕೊಲ್ಲಲಿಲ್ಲ ಎಂಬುದನ್ನು ನನ್ನ ಅಕ್ಷರದಲ್ಲಿ ಬರೆದುಕೊಡಬಲ್ಲೆ, ಅಷ್ಟೇ. ಇದನ್ನು ಗಿರಿರಾಜನಿಗೆ ಓದಿಸು. ಬೇಕಾದರೆ ಗ್ಯಾರೇಜಿನಲ್ಲಿ ಎಲ್ಲರೆದುರು ಓದಲಿ. ಈ ಸಲ ನಾನು ಕ್ಯಾಲೆಂಡರ್ ನೋಡುವುದಿಲ್ಲ.

ನಿನ್ನ ಕೈಗೆ ಮತ್ತೆ ಧೈರ್ಯ ಬರಲಿ, ತಾಯಿ. ಎಂದಾದರೂ ನೀನು ಓಡಿಸಿದರೆ, ಕರೆದರೆ ಮಾತ್ರ ಹತ್ತಿ, ಹಿಂದಿನ ಸೀಟಿನಲ್ಲಿ ತುಟಿ ಬಿಚ್ಚದೆ ಕೂರುವ

ನಿನ್ನ ಚಿಕ್ಕಪ್ಪ,
ಸಿದ್ದಲಿಂಗೇಶ್